ಕಣ್ಣಿನ ರೆಪ್ಪೆ ಮತ್ತು ಕಂಡೀಷನಿಂಗ್: ಪದಗಳನ್ನ ಉರು ಹೊಡೀದೆ ಕಲಿಯೋದು ಹೇಗೆ

ನರ್ಸಿಂಗ್, ಆಪ್ಟೋಮೆಟ್ರಿ, ಬಿ.ಎ. ಸೈಕಾಲಜಿ, ಬಿ.ಎಡ್ ಓದ್ತಿರೋರು, ಅದ್ರಲ್ಲೂ ಕನ್ನಡ ಮೀಡಿಯಮ್ಮಿಂದ ಬಂದೋರು ಪದೇ ಪದೇ ಕೇಳೋದು ಎರಡೇ ಪ್ರಶ್ನೆ. ರೆಪ್ಪೆ ಅನಾಟಮಿ ಎಷ್ಟು ಓದಿದ್ರೂ ತಲೇಲಿ ನಿಲ್ತಿಲ್ಲ ಏನ್ಮಾಡ್ಲಿ ಅನ್ನೋದು ಒಂದು. ಕಂಡೀಷನಿಂಗ್, ಅಂದ್ರೆ ಅನುಭವದಿಂದ ವರ್ತನೆ ಕಲಿಯೋ ಪಾಠದಲ್ಲಿ ಬರೋ ಯುಸಿಎಸ್, ಸಿಎಸ್, ಯುಸಿಆರ್, ಸಿಆರ್ ಅನ್ನೋ ನಾಲ್ಕು ಹೆಸರು (ಹಂತ 6ರಲ್ಲಿ ಬಿಡಿಸ್ತೀನಿ) ಪ್ರತಿ ಸಲ ಅದಲುಬದಲಾಗತ್ತೆ, ಜೊತೆಗೆ ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್ ಅಂದ್ರೆ ಶಿಕ್ಷೆನೇ ಅಲ್ವಾ ಅನ್ನೋದು ಇನ್ನೊಂದು. ಎರಡಕ್ಕೂ ಒಂದೇ ಕಡೆ ಉತ್ತರ ಬರೀತಿದೀನಿ, ಯಾಕಂದ್ರೆ ಕಂಡೀಷನಿಂಗ್ ಅಂದ್ರೆ ಎಲ್ರಿಗೂ ಪಾವ್‌ಲೋವ್‌ನ ನಾಯಿನೇ ನೆನಪಾಗತ್ತೆ (ಊಟದ ಮುಂಚಿನ ಸದ್ದಿಗೇ ಜೊಲ್ಲು ಸುರಿಸೋಕೆ ಕಲಿತ ನಾಯಿ), ಆದ್ರೆ ಕಲಿಕೆ ಮಿದುಳಿನ ಯಾವ ಜಾಗದಲ್ಲಿ ಕೂರತ್ತೆ ಅಂತ ತುಂಬ ಅಚ್ಚುಕಟ್ಟಾಗಿ ಹುಡುಕಿದ್ದು ನಾಯಿ ಜೊಲ್ಲಿನಲ್ಲಿ ಅಲ್ಲ, ರೆಪ್ಪೆ ಮಿಟುಕಿನಲ್ಲಿ. ರೆಪ್ಪೆ ನಿಮ್ಮ ಮುಖದ ಮೇಲೇ ಇದೆ, ಬೆರಳಿಗೆ ಸಿಗತ್ತೆ, ಕನ್ನಡೀಲಿ ಕಾಣತ್ತೆ. ಪದವನ್ನ ಪುಸ್ತಕದಲ್ಲಿ ಕಲಿಯೋ ಮುಂಚೆ ಅಲ್ಲಿ ನೋಡಿ ಕಲೀರಿ, ಮರೆಯಲ್ಲ.

ಬೇಕಾಗಿರೋದು: ಒಂದು ಕೈಗನ್ನಡಿ, ಮೊಬೈಲ್ ಟಾರ್ಚ್, ಒಂದು ನೋಟ್‌ಬುಕ್, ಒಂದು ಕ್ಲಿಕ್ ಪೆನ್, ಒಬ್ಬ ಫ್ರೆಂಡ್, ಎರಡು ಸಂಜೆ. ಕೈ ಸೋಪಲ್ಲಿ ತೊಳೀರಿ, ಕಾಂಟ್ಯಾಕ್ಟ್ ಲೆನ್ಸ್ ಇದ್ರೆ ತೆಗೀರಿ, ಕಾಡಿಗೆ ಹಚ್ಚಿದ್ರೆ ಒರೆಸಿ. ಕಣ್ಣು ಕೆಂಪಾಗಿದ್ರೆ, ಗೀಜು ಬರ್ತಿದ್ರೆ ಇವತ್ತು ಬೇಡ, ವಾಸಿಯಾದ್ಮೇಲೆ ಮಾಡಿ. ಟಾರ್ಚನ್ನ ನೇರ ಕಣ್ಣೊಳಗೆ ಬಿಡ್ಬೇಡಿ, ಕೆನ್ನೆ ಪಕ್ಕದಿಂದ ಓರೆಯಾಗಿ ಹಿಡೀರಿ.

ಹಂತ 1: ಮೊದಲು ಪದದ ಬೇರು ಹಿಡೀರಿ

ರೆಪ್ಪೆಗೆ ವೈದ್ಯಕೀಯದಲ್ಲಿ ಎರಡು ಹೆಸರು, ಗೊಂದಲ ಶುರುವಾಗೋದೇ ಇಲ್ಲಿಂದ. ಗ್ರೀಕ್ ಕಡೆಯಿಂದ ಬ್ಲೆಫರಾನ್, ಲ್ಯಾಟಿನ್ ಕಡೆಯಿಂದ ಪಾಲ್ಪೆಬ್ರಾ. ಕಾಯಿಲೆ, ಆಪರೇಷನ್ ಹೆಸರುಗಳು ಸಾಮಾನ್ಯವಾಗಿ ಗ್ರೀಕ್ ಬೇರಿಂದ ಹುಟ್ಟಿದ್ದು: ಬ್ಲೆಫರೈಟಿಸ್ ಅಂದ್ರೆ ರೆಪ್ಪೆ ಅಂಚಿನ ಉರಿಯೂತ, ಬ್ಲೆಫರೋಸ್ಪಾಸಂ ಅಂದ್ರೆ ತಾನಾಗೇ ರೆಪ್ಪೆ ಬಿಗಿಯಾಗಿ ಮುಚ್ಕೊಳ್ಳೋದು, ಬ್ಲೆಫರೋಪ್ಲಾಸ್ಟಿ ಅಂದ್ರೆ ರೆಪ್ಪೆ ಸರಿಮಾಡೋ ಸರ್ಜರಿ. ದೇಹದ ಭಾಗದ ಹೆಸರುಗಳು ಹೆಚ್ಚಾಗಿ ಲ್ಯಾಟಿನ್ ಕಡೆಯವು: ಪಾಲ್ಪೆಬ್ರಲ್ ಫಿಶರ್ ಅಂದ್ರೆ ಎರಡು ರೆಪ್ಪೆ ಮಧ್ಯದ ಸೀಳು, ಲಿವೇಟರ್ ಪಾಲ್ಪೆಬ್ರೇ ಅಂದ್ರೆ ರೆಪ್ಪೆ ಎತ್ತೋದು. ಸಿಲಿಯಾ ಅಂದ್ರೆ ರೆಪ್ಪೆ ಕೂದಲು, ಕ್ಯಾಂಥಸ್ ಅಂದ್ರೆ ಕಣ್ಣಿನ ಮೂಲೆ, ಮೂಗಿನ ಕಡೆಯದು ಮೀಡಿಯಲ್, ಕಿವಿ ಕಡೆಯದು ಲ್ಯಾಟರಲ್. ಪ್ಟೋಸಿಸ್ ಅಂದ್ರೆ ಜೋತುಬೀಳೋದು, ಓದುವಾಗ ಮೊದಲ ಪಕಾರ ಹೇಳಲ್ಲ, ಟೋಸಿಸ್ ಅಂತೀವಿ.

ಇಲ್ಲಿ ಎಡವೋ ಜಾಗ ಒಂದಿದೆ, ಅದು ಇಂಗ್ಲಿಷ್‌ದಲ್ಲ, ನಮ್ಮ ಕನ್ನಡದ್ದೇ. ನಾವು ದಿನಾ ಮಾತಾಡೋವಾಗ ರೆಪ್ಪೆ ಅಂದ್ರೆ ಚರ್ಮದ ಮುಚ್ಚಳವೂ ಹೌದು, ಕೂದಲೂ ಹೌದು. ಎವೆ ಅನ್ನೋದೂ ಹಾಗೇ. ಒಬ್ಬರು ಓಪಿಡಿಗೆ ಬಂದು "ರೆಪ್ಪೆ ಬೀಳ್ತಿದೆ" ಅಂದ್ರೆ ಕೂದಲು ಉದುರ್ತಿದೆ ಅಂತಾನೂ ಆಗ್ಬಹುದು, ಮೇಲಿನ ರೆಪ್ಪೆ ಜೋತುಬಿದ್ದಿದೆ ಅಂತಾನೂ ಆಗ್ಬಹುದು. ಮೊದಲನೇದು ಬ್ಲೆಫರೈಟಿಸ್ ಆಗಿರಬಹುದು, ಎರಡನೇದು ನರದ ತೊಂದರೆ ಆಗಿರಬಹುದು, ಅಜಗಜಾಂತರ. ಕೇಸ್ ಶೀಟಲ್ಲಿ ಬರೆಯೋ ಮುಂಚೆ "ಕೂದಲಾ, ರೆಪ್ಪೆನೇನಾ?" ಅಂತ ಒಂದು ಮಾತು ಕೇಳಿ. ಆ ಒಂದು ಪ್ರಶ್ನೆ ಕೇಳದೇ ಇದ್ರೆ ಮುಂದಿನ ತಪಾಸಣೆ ಎಲ್ಲಾ ತಪ್ಪು ದಾರಿ ಹಿಡಿಯತ್ತೆ.

ಟಾರ್ಸಸ್ ಅನ್ನೋ ಪದ ಪಾದದ ಮೂಳೆಗಳಿಗೂ ಇದೆ, ರೆಪ್ಪೆಯೊಳಗಿನ ಗಟ್ಟಿ ತಗಡಿಗೂ ಇದೆ. ಪ್ರಶ್ನೆ ಯಾವ ಭಾಗದ್ದು ಅಂತ ನೋಡ್ಕೊಂಡು ಬರೀರಿ, ಅಷ್ಟೆ.

ಹಂತ 2: ಕನ್ನಡಿ ಹಿಡ್ಕೊಂಡು ರೆಪ್ಪೆಯ ಅಂಚು ನೋಡಿ

ಕೆಳರೆಪ್ಪೆಯನ್ನ ತೋರುಬೆರಳಿಂದ ಮೆಲ್ಲಗೆ ಸ್ವಲ್ಪ ಕೆಳಗೆ ಎಳೀರಿ. ಕೂದಲು ಹುಟ್ಟೋ ಸಾಲಿಗೂ ಒಳಗಿನ ಒದ್ದೆ ಗುಲಾಬಿ ಪೊರೆಗೂ ನಡುವೆ ಸುಮಾರು 2 ಮಿ.ಮೀ. ಅಗಲದ ಒಂದು ಚಪ್ಪಟೆ ಅಂಚು ಕಾಣತ್ತೆ ನೋಡಿ, ಅದೇ ಲಿಡ್ ಮಾರ್ಜಿನ್. ಓರೆ ಬೆಳಕಲ್ಲಿ ತಾಳ್ಮೆಯಿಂದ ನೋಡಿದ್ರೆ ಆ ಅಂಚಿನ ಮೇಲೆ ಒಳಗಡೆ ಬದಿಗೆ ಚಿಕ್ಕ ಚಿಕ್ಕ ಚುಕ್ಕಿಗಳ ಒಂದು ಸಾಲಿದೆ, ಸೂಜಿ ಮೊನೆ ಇಟ್ಟು ಗುರುತು ಮಾಡಿದ ಹಾಗೆ. ಅವೇ ಮೈಬೋಮಿಯನ್ ಗ್ರಂಥಿಗಳ ಬಾಯಿ. 1666ರಲ್ಲಿ ಹೈನ್ರಿಕ್ ಮೈಬೋಮ್ ಅನ್ನೋ ಜರ್ಮನ್ ವೈದ್ಯ ಇವನ್ನ ವಿವರಿಸಿದ್ರಿಂದ ಈ ಹೆಸರು. ಇವು ಎಣ್ಣೆ ಬಿಡ್ತವೆ, ಪ್ರತಿ ಸಲ ನೀವು ರೆಪ್ಪೆ ಬಡಿದಾಗ ಸ್ವಲ್ಪ ಎಣ್ಣೆ ಕಣ್ಣೀರಿನ ಮೇಲೆ ಪದರವಾಗಿ ಹರಡತ್ತೆ, ಅದಿಲ್ಲದಿದ್ರೆ ಕಣ್ಣೀರು ಬೇಗ ಆವಿಯಾಗಿ ಕಣ್ಣು ಉರಿಯೋಕೆ ಶುರುವಾಗತ್ತೆ.

ಚುಕ್ಕಿ ಸಾಲಿಗೂ ಕೂದಲ ಸಾಲಿಗೂ ಮಧ್ಯೆ ಬೂದು ಬಣ್ಣದ ಒಂದು ತೆಳು ಗೆರೆ, ಗ್ರೇ ಲೈನ್. ಸರ್ಜನ್‌ಗಳಿಗೆ ಇದು ಗಡಿ ಕಲ್ಲಿದ್ದ ಹಾಗೆ, ಇದರ ಮುಂದೆ ಚರ್ಮ ಮತ್ತೆ ಸ್ನಾಯು, ಹಿಂದೆ ಗಟ್ಟಿ ತಗಡು ಮತ್ತೆ ಪೊರೆ.

ಈಗ ಮೂಗಿನ ಕಡೆ ಮೂಲೆಗೆ ಬನ್ನಿ. ಕೆಳರೆಪ್ಪೆ ಅಂಚಲ್ಲಿ ಆ ತುದೀಲಿ ಒಂದು ಪುಟ್ಟ ದಿಬ್ಬ, ಅದರ ತಲೇಲಿ ಒಂದು ತೂತು. ಪಂಕ್ಟಮ್, ಕಣ್ಣೀರು ಮೂಗಿಗೆ ಇಳಿಯೋ ಚರಂಡಿಯ ಬಾಯಿ. ಅತ್ತಾಗ ಮೂಗೂ ಸುರಿಯೋದು ಇದರಿಂದಾನೇ. ಮೂಲೇಲಿರೋ ಗುಲಾಬಿ ಉಂಡೆ ಕ್ಯಾರಂಕಲ್, ಅದರ ಪಕ್ಕ ಅರ್ಧಚಂದ್ರದ ಹಾಗೆ ಮಡಚಿರೋ ಪೊರೆ ಪ್ಲೈಕಾ ಸೆಮಿಲ್ಯುನಾರಿಸ್. ಈ ಮಡಿಕೆಯನ್ನ ಚೆನ್ನಾಗಿ ನೋಡಿಟ್ಕೊಳ್ಳಿ, ಬೇರೆ ಪ್ರಾಣಿಗಳಲ್ಲಿ ಮೂರನೇ ರೆಪ್ಪೆ ಇರತ್ತಲ್ಲ, ನಮ್ಮಲ್ಲಿ ಅದರ ಉಳಿಕೆ ಇದು. ಹಂತ 6ರಲ್ಲಿ ಮೊಲ ಬರತ್ತೆ, ಆಗ ಬೇಕಾಗತ್ತೆ.

ಎಚ್ಚರ: ಮೇಲಿನ ರೆಪ್ಪೆಯನ್ನ ಮಗುಚಿ ನೋಡೋಕೆ ಹೋಗ್ಬೇಡಿ. ಅದಕ್ಕೆ ಕೈಪಳಗಬೇಕು, ಕ್ಲಿನಿಕಲ್ ಪೋಸ್ಟಿಂಗಲ್ಲಿ ಸೀನಿಯರ್ ಮುಂದೆ ಕಲೀರಿ.

ಹಂತ 3: ಹೊರಗಿಂದ ಒಳಗೆ ಪದರ ಪದರ

ಕಣ್ಣು ಮುಚ್ಚಿ ಮೇಲಿನ ರೆಪ್ಪೆ ಚರ್ಮವನ್ನ ಎರಡು ಬೆರಳಲ್ಲಿ ಮೆತ್ತಗೆ ಹಿಡೀರಿ, ಸುಲಭವಾಗಿ ಎದ್ದು ಬರತ್ತೆ. ಮೈಯಲ್ಲಿ ಅತಿ ತೆಳು ಚರ್ಮ ಇದು, 1 ಮಿ.ಮೀ.ಗಿಂತ ಕಮ್ಮಿ. ಅದರ ಕೆಳಗೆ ಸಡಿಲವಾದ ಅಂಗಾಂಶ, ಕೊಬ್ಬು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಈ ಸಡಿಲ ಜಾಗದಲ್ಲಿ ನೀರು ಬೇಗ ತುಂಬ್ಕೊಳ್ಳತ್ತೆ, ಅದಕ್ಕೇ ಅತ್ತು ಮಲಗಿದ್ರೆ ಬೆಳಿಗ್ಗೆ ರೆಪ್ಪೆ ಊದಿರತ್ತೆ, ಕಿಡ್ನಿ ತೊಂದರೆ ಇರೋ ಮಕ್ಕಳಲ್ಲೂ ಊತ ಮೊದಲು ಕಾಣಿಸ್ಕೊಳ್ಳೋದು ಇಲ್ಲೇ.

ಮೂರನೇ ಪದರ ಆರ್ಬಿಕ್ಯುಲಾರಿಸ್ ಆಕ್ಯುಲೈ, ಕಣ್ಣಿನ ಸುತ್ತ ಉಂಗುರದ ಹಾಗಿರೋ ಸ್ನಾಯು. ಅದರ ಹಿಂದೆ ಆರ್ಬಿಟಲ್ ಸೆಪ್ಟಮ್, ಒಂದು ತೆಳು ಪರದೆ. ಪರದೆ ತೆಳು, ಆದ್ರೆ ಇದರ ಬೆಲೆ ದೊಡ್ಡದು. ಸೋಂಕು ಪರದೆ ಮುಂದೆ ಇದ್ರೆ ಪ್ರೀಸೆಪ್ಟಲ್ ಸೆಲ್ಯುಲೈಟಿಸ್, ಹಿಂದೆ ಇದ್ರೆ ಆರ್ಬಿಟಲ್ ಸೆಲ್ಯುಲೈಟಿಸ್. ಎರಡರಲ್ಲೂ ರೆಪ್ಪೆ ಕೆಂಪಗೆ ಊದಿರತ್ತೆ, ಆದ್ರೆ ಎರಡನೇದ್ರಲ್ಲಿ ಕಣ್ಣುಗುಡ್ಡೆ ಆಡಿಸಿದ್ರೆ ನೋವು, ಗುಡ್ಡೆ ಮುಂದಕ್ಕೆ ಬಂದಿರೋದು, ದೃಷ್ಟಿ ಮಂಜಾಗೋದು ಸೇರತ್ತೆ. ಅದು ಎಮರ್ಜೆನ್ಸಿ, ನಾಳೆ ನೋಡೋಣ ಅನ್ನೋ ಹಾಗಿಲ್ಲ. ಪರೀಕ್ಷೇಲಿ ಸೆಪ್ಟಮ್ ಬಗ್ಗೆ ಎರಡು ಮಾರ್ಕ್ಸಿಗೆ ಕೇಳಿದ್ರೂ ಈ ವಿಷಯ ಬರೀರಿ.

ಆಮೇಲೆ ಟಾರ್ಸಲ್ ಪ್ಲೇಟ್, ಆಗ್ಲೇ ಹೇಳಿದ ಗಟ್ಟಿ ತಗಡು. ಮುಚ್ಚಿದ ಮೇಲಿನ ರೆಪ್ಪೆಯನ್ನ ಅಂಚಿನ ಹತ್ರ ಬೆರಳಲ್ಲಿ ಹಗುರವಾಗಿ ಸವರಿದ್ರೆ ಚರ್ಮದ ಕೆಳಗೆ ಒಂದು ಗಟ್ಟಿತನ ಸಿಗತ್ತೆ, ಶರ್ಟ್ ಕಾಲರ್ ಒಳಗೆ ಬಕ್ರಂ ಇರೋ ಹಾಗೆ. ಮೇಲಿನದು ಸುಮಾರು 10 ಮಿ.ಮೀ. ಎತ್ತರ, ಕೆಳಗಿನದು 4ರಿಂದ 5 ಮಿ.ಮೀ. ಎಷ್ಟೋ ಜನ ಇದನ್ನ ಕಾರ್ಟಿಲೇಜ್ ಅಂದ್ರೆ ಮೃದ್ವಸ್ಥಿ ಅಂತ ಬರೀತಾರೆ, ತಪ್ಪು. ಇದು ದಟ್ಟವಾದ ನಾರಿನ ಅಂಗಾಂಶ. ಮೈಬೋಮಿಯನ್ ಗ್ರಂಥಿಗಳು ಕೂತಿರೋದು ಇದರೊಳಗೇ. ಕೊನೇದು ಕಂಜಂಕ್ಟೈವಾ, ಒಳಗಿನ ಒದ್ದೆ ಪೊರೆ.

ಗ್ರಂಥಿಗಳ ಹೆಸರು ಗೊಂದಲ ಮಾಡ್ಕೊಳ್ಳೋರಿಗೆ ಒಂದು ದಾರಿ: ಮೈಬೋಮಿಯನ್ ತಗಡಿನ ಒಳಗೆ, ಝೈಸ್ ಮತ್ತೆ ಮೋಲ್ ಕೂದಲ ಬುಡದಲ್ಲಿ. ಝೈಸ್ ಎಣ್ಣೆಯದು, ಮೋಲ್ ಬೆವರಿನ ಜಾತಿಯದು. ಕೂದಲ ಬುಡದ್ದಕ್ಕೆ ಸೋಂಕಾಗಿ ನೋವಿನ ಕುರು ಎದ್ರೆ ಹೊರ ಹಾರ್ಡಿಯೋಲಮ್, ಅಂದ್ರೆ ಸ್ಟೈ. ಮೈಬೋಮಿಯನ್ ಕಟ್ಕೊಂಡು, ಅಷ್ಟೇನೂ ನೋವಿಲ್ಲದೆ ಕಡಲೆಕಾಳಿನ ಹಾಗೆ ಗಂಟು ನಿಂತ್ರೆ ಕಲೇಜಿಯನ್. ಎರಡಕ್ಕೂ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಶಾಖ ಮೊದಲ ಉಪಚಾರ, ದಿನಕ್ಕೆ ಮೂರ್ನಾಲ್ಕು ಸಲ, ಹತ್ತು ನಿಮಿಷ. ಹಿಸುಕೋದು ಮಾತ್ರ ಬೇಡ್ವೇ ಬೇಡ.

ಅಂಚು ಒಳಕ್ಕೆ ಮಗುಚಿದ್ರೆ ಎಂಟ್ರೋಪಿಯನ್, ಹೊರಕ್ಕೆ ಮಗುಚಿದ್ರೆ ಎಕ್ಟ್ರೋಪಿಯನ್, ಅಂಚು ಸರಿಯಿದ್ದು ಕೂದಲು ಮಾತ್ರ ಒಳಗೆ ತಿರುಗಿದ್ರೆ ಟ್ರಿಕಿಯಾಸಿಸ್. ಕೂದಲು ಕಾರ್ನಿಯಾವನ್ನ, ಅಂದ್ರೆ ಕಣ್ಣಿನ ಮುಂದಿನ ಗಾಜಿನಂಥ ಪದರವನ್ನ ಉಜ್ಜಿ ಉಜ್ಜಿ ಕಲೆ ಮಾಡತ್ತೆ. ಟ್ರಕೋಮಾ ಅನ್ನೋ ಸೋಂಕು ಹೀಗೇ ಎಷ್ಟೋ ಜನರ ಕಣ್ಣು ತೆಗೆದಿತ್ತು, ಭಾರತ ಇದನ್ನ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿವಾರಿಸಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಅಕ್ಟೋಬರ್ 2024ರಲ್ಲಿ ಗುರುತಿಸ್ತು.

ಹಂತ 4: ತೆರೆಯೋದು ಯಾರು, ಮುಚ್ಚೋದು ಯಾರು

ಇದನ್ನ ಅವಸರ ಮಾಡ್ದೆ ಓದಿ. ರೆಪ್ಪೆಗೆ ಕೆಲಸ ಮಾಡೋ ಮುಖ್ಯ ಸ್ನಾಯು ಮೂರು, ಮೂರಕ್ಕೂ ಬೇರೆ ಬೇರೆ ಕರೆಂಟ್ ಲೈನ್.

ಲಿವೇಟರ್ ಪಾಲ್ಪೆಬ್ರೇ ಸುಪೀರಿಯಾರಿಸ್ ಮೇಲಿನ ರೆಪ್ಪೆ ಎತ್ತತ್ತೆ, ಅದಕ್ಕೆ 3ನೇ ಕಪಾಲ ನರ ಅಂದ್ರೆ ಆಕ್ಯುಲೋಮೋಟರ್. ಮ್ಯುಲ್ಲರ್ ಸ್ನಾಯು ಅದಕ್ಕೆ ಕೈಜೋಡಿಸಿ ಇನ್ನೊಂದು 1ರಿಂದ 2 ಮಿ.ಮೀ. ಎತ್ತತ್ತೆ, ಅದಕ್ಕೆ ಸಿಂಪಥೆಟಿಕ್ ನರ, ಗಾಬರಿಯಾದಾಗ ಕಣ್ಣು ಅಗಲ ಆಗತ್ತಲ್ಲ, ಅದ್ರಲ್ಲಿ ಇದರ ಪಾಲಿದೆ. ಮುಚ್ಚೋದು ಆರ್ಬಿಕ್ಯುಲಾರಿಸ್, ಅದಕ್ಕೆ 7ನೇ ನರ, ಫೇಶಿಯಲ್.

ನೆನಪಿಗೆ ಅಂಗಡಿ ರೋಲಿಂಗ್ ಶಟರ್ ನೆನಸ್ಕೊಳ್ಳಿ. ರೋಮನ್ ಅಂಕೀಲಿ ಮೂರು ಬರೆದ್ರೆ ಮೂರು ಕಂಬ ನಿಂತ ಹಾಗೆ, ಶಟರನ್ನ ಮೇಲೆ ಹಿಡಿದಿರತ್ತೆ. 7 ಅಂದ್ರೆ ಶಟರ್ ಕೆಳಗೆ ಎಳೆಯೋ ಕೊಕ್ಕೆ ಕೋಲು. ಕಂಬ ಬಿದ್ರೆ ಶಟರ್ ಬೀಳತ್ತೆ, ಕೊಕ್ಕೆ ಹೋದ್ರೆ ಶಟರ್ ಮುಚ್ಚೋಕೇ ಆಗಲ್ಲ.

ಇಷ್ಟು ಗೊತ್ತಿದ್ರೆ ವೈವಾದಲ್ಲಿ ಜನ ಎಡವೋ ಪ್ರಶ್ನೆಗೆ ಉತ್ತರ ನೀವೇ ಹೇಳ್ತೀರ: ಬೆಲ್ಸ್ ಪಾಲ್ಸಿ, ಅಂದ್ರೆ ಒಂದು ಕಡೆ ಮುಖದ ಲಕ್ವ ಹೊಡೆದವರಿಗೆ ರೆಪ್ಪೆ ಜೋತುಬೀಳತ್ತಾ? ಬೀಳಲ್ಲ. ಹೋಗಿರೋದು 7, ಹಾಗಾಗಿ ಅವರಿಗೆ ಕಣ್ಣು ಮುಚ್ಚೋಕಾಗಲ್ಲ, ಅದಕ್ಕೆ ಲ್ಯಾಗಾಫ್ತಾಲ್ಮಸ್ ಅಂತಾರೆ. ನರ್ಸಿಂಗ್ ಕೆಲಸ ಅಲ್ಲಿ ಕಾರ್ನಿಯಾ ಒಣಗದ ಹಾಗೆ ನೋಡ್ಕೊಳ್ಳೋದು, ವೈದ್ಯರು ಹೇಳಿದ ಡ್ರಾಪ್ಸ್, ರಾತ್ರಿ ಆಯಿಂಟ್‌ಮೆಂಟ್, ರೆಪ್ಪೆಗೆ ಟೇಪ್. 3 ಹೋದ್ರೆ ರೆಪ್ಪೆ ಪೂರ್ತಿ ಬೀಳಬಹುದು, ಕಣ್ಣುಗುಡ್ಡೆ ಹೊರಕ್ಕೂ ಕೆಳಕ್ಕೂ ತಿರುಗಿರತ್ತೆ. ಸಿಂಪಥೆಟಿಕ್ ಹೋದ್ರೆ ಹಾರ್ನರ್ ಸಿಂಡ್ರೋಮ್, ರೆಪ್ಪೆ ಬರೀ 1-2 ಮಿ.ಮೀ. ಇಳಿದಿರತ್ತೆ, ಆ ಕಡೆ ಕಣ್ಪಾಪೆ ಚಿಕ್ಕದು. ಬೆಳಿಗ್ಗೆ ಚೆನ್ನಾಗಿದ್ದು ಸಂಜೆ ಹೊತ್ತಿಗೆ ರೆಪ್ಪೆ ಬೀಳ್ತಾ ಬಂದ್ರೆ ಮಯಸ್ತೀನಿಯಾ ಗ್ರಾವಿಸ್, ಅಂದ್ರೆ ಸ್ನಾಯು ಬೇಗ ಸೋಲೋ ಕಾಯಿಲೆಯ ಯೋಚನೆ ಬರಬೇಕು.

ಎಚ್ಚರ: ಇದ್ದಕ್ಕಿದ್ದಂಗೆ ರೆಪ್ಪೆ ಬಿದ್ದು, ಎರಡೆರಡು ಕಾಣೋದು, ಜೋರು ತಲೆನೋವು, ಆ ಕಡೆ ಪಾಪೆ ದೊಡ್ಡದಾಗಿರೋದು ಜೊತೆಗಿದ್ರೆ ಅದೇ ಗಳಿಗೇಲಿ ಆಸ್ಪತ್ರೆಗೆ. ಇದ್ದಕ್ಕಿದ್ದಂಗೆ ಮುಖ ಸೊಟ್ಟಗಾದ್ರೂ ಹಾಗೇ, ಸ್ಟ್ರೋಕ್ ಅಲ್ಲ ಅಂತ ವೈದ್ಯರು ಹೇಳೋವರೆಗೆ ಮನೇಲಿ ಕೂರ್ಬೇಡಿ. ರೆಪ್ಪೆ ಪಟಪಟ ಅದುರೋದು ಬೇರೆ ವಿಷಯ, ಮಯೋಕೈಮಿಯಾ ಅಂತಾರೆ, ಎಡಗಣ್ಣು ಅದುರಿದ್ರೆ ಏನಾಗತ್ತೆ, ಬಲಗಣ್ಣು ಅದುರಿದ್ರೆ ಏನಾಗತ್ತೆ ಅಂತ ಮನೇಲಿ ಹೇಳ್ತಾರಲ್ಲ, ಅದೇ. ನಿದ್ದೆಗೆಟ್ಟಾಗ, ಕಾಫಿ ಜಾಸ್ತಿಯಾದಾಗ ಬಂದು ಸಾಮಾನ್ಯವಾಗಿ ತಾನಾಗೇ ಹೋಗತ್ತೆ.

ಹಂತ 5: ಮಿಟುಕು ಮೂರು ಥರ, ಸೈಕಾಲಜಿ ಶುರುವಾಗೋದು ಇಲ್ಲಿ

ಗಮನ ಕೊಡದೆ ತಾನಾಗೇ ಬಡಿಯೋದು, ಬೇಕಂತ ಬಡಿಯೋದು, ಏನೋ ತಾಗಿದ್ದಕ್ಕೆ ಬಡಿಯೋದು. ತಾನಾಗೇ ಬಡಿಯೋದು ನಿಮಿಷಕ್ಕೆ ಸುಮಾರು 15, ಎಚ್ಚರವಾಗಿರೋ 16 ಗಂಟೆಗೆ ಲೆಕ್ಕ ಹಾಕಿದ್ರೆ 14,400 ಸಲ. ಸ್ಕ್ರೀನ್ ನೋಡ್ತಾ ಕೂತ್ರೆ ಇದು ತುಂಬ ಇಳಿಯತ್ತೆ, ರೆಪ್ಪೆ ಬಡೀದೆ ನೋಡೋದು ಅನ್ನೋ ಮಾತು ಮೊಬೈಲ್ ಕಾಲದಲ್ಲಿ ನಿಜಾನೇ ಆಗ್ಬಿಟ್ಟಿದೆ.

ತಾಗಿದ್ದಕ್ಕೆ ಬಡಿಯೋದು ರಿಫ್ಲೆಕ್ಸ್, ಅನೈಚ್ಛಿಕ ಕ್ರಿಯೆ. ಕಾರ್ನಿಯಾಕ್ಕೆ ಏನಾದ್ರೂ ತಾಗಿದ್ರೆ ಸುದ್ದಿ ಒಯ್ಯೋದು 5ನೇ ನರ ಟ್ರೈಜೆಮಿನಲ್, ಆಜ್ಞೆ ತರೋದು 7. ಒಂದು ಕಣ್ಣು ಮುಟ್ಟಿದ್ರೂ ಎರಡೂ ಮುಚ್ಚತ್ತೆ. ಇದನ್ನ ನೀವು ಯಾರ ಮೇಲೂ ಮಾಡಿ ನೋಡ್ಬೇಡಿ.

ಬದಲಿಗೆ ಇದು ಮಾಡಿ. ಫ್ರೆಂಡನ್ನ ಕೂರಿಸಿ, ಕಣ್ಣು ತೆರೆದು ನೇರ ನೋಡೋಕೆ ಹೇಳಿ. ನಿಮ್ಮ ಕೈ ಅವರ ಕಣ್ಣಿಗೆ ಕಾಣದ ಹಾಗೆ ತಲೆ ಮೇಲಿಂದ ತಂದು, ಎರಡು ಹುಬ್ಬಿನ ಮಧ್ಯೆ, ಕುಂಕುಮ ಇಡೋ ಜಾಗದಲ್ಲಿ, ತೋರುಬೆರಳಿಂದ ಹಗುರವಾಗಿ ಸೆಕೆಂಡಿಗೆ ಒಂದರಂತೆ ತಟ್ಟಿ. ಮೊದಲನೇದು, ಎರಡನೇದು, ಮೂರನೇದು, ಪ್ರತಿ ತಟ್ಟಿಗೂ ಎರಡೂ ರೆಪ್ಪೆ ಟಪ್ ಅಂತ ಬಡಿಯತ್ತೆ. ನಾಲ್ಕನೇದಕ್ಕೆ ಅರ್ಧ ಬಡಿಯತ್ತೆ. ಐದಾರು ಆಗೋಷ್ಟರಲ್ಲಿ ಕೂದಲು ಸ್ವಲ್ಪ ನಡುಗತ್ತೆ ಅಷ್ಟೆ, ಆಮೇಲೆ ಅದೂ ಇಲ್ಲ. ಈಗ ನೀವು ಕಣ್ಣಾರೆ ನೋಡಿದ್ದಕ್ಕೆ ಹೆಸರು ಹ್ಯಾಬಿಚುಯೇಷನ್, ಒಗ್ಗಿಹೋಗೋದು, ಕಲಿಕೆಯಲ್ಲಿ ಎಲ್ಲಕ್ಕಿಂತ ಸರಳವಾದ ಬಗೆ. ಪಾರ್ಕಿನ್ಸನ್ ಕಾಯಿಲೆ ಇರೋರಲ್ಲಿ ಎಷ್ಟೋ ಸಲ ಇದು ನಿಲ್ಲಲ್ಲ, ತಟ್ಟಿದಷ್ಟೂ ಬಡೀತಾನೇ ಇರತ್ತೆ, ಅದಕ್ಕೆ ಮೈಯರ್ಸನ್ ಸೈನ್ ಅಂತಾರೆ. ಒಂದೇ ರೆಪ್ಪೆ ಬಡಿತ, ನ್ಯೂರಾಲಜಿ ಪುಸ್ತಕದಲ್ಲಿ ಒಂದು ಹೆಸರು, ಸೈಕಾಲಜಿ ಪುಸ್ತಕದಲ್ಲಿ ಇನ್ನೊಂದು.

ಇನ್ನೊಂದು ವಿಷಯ: ಕಣ್ಣ ಮುಂದೆ ಸಟ್ಟಂತ ಕೈ ಬೀಸಿದ್ರೆ ನಾವು ಮಿಟುಕಿಸ್ತೀವಲ್ಲ, ಇದು ಹುಟ್ಟಿದ ಕೂಸಿಗೆ ಇರಲ್ಲ, ಕೆಲವು ತಿಂಗಳಾದ್ಮೇಲೆ ಬರತ್ತೆ. ನೋಡೋಕೆ ರಿಫ್ಲೆಕ್ಸ್ ಥರಾನೇ ಇದ್ರೂ ಅನುಭವದಿಂದ ಬಂದಿದ್ದು. ಹುಟ್ಟಿಂದ ಬಂದಿದ್ದಾ, ಕಲಿತಿದ್ದಾ? ಈ ಪ್ರಶ್ನೆ ಕೈಲಿ ಹಿಡ್ಕೊಂಡೇ ಮುಂದಿನ ಹಂತಕ್ಕೆ ಬನ್ನಿ.

ಹಂತ 6: ನಾಲ್ಕು ಅಕ್ಷರದ ಗೋಜಲು ಬಿಡಿಸೋದು

ಕ್ಲಾಸಿಕಲ್ ಕಂಡೀಷನಿಂಗ್‌ಗೆ ಕನ್ನಡ ಪುಸ್ತಕಗಳಲ್ಲಿ ಶಾಸ್ತ್ರೀಯ ಅನುಬಂಧನ, ಅಭಿಜಾತ ಅನುಬಂಧನ ಅಂತ ಒಂದೊಂದು ಕಡೆ ಒಂದೊಂದು ಹೆಸರಿದೆ, ಎರಡೂ ಒಂದೇ, ಗಾಬರಿ ಬೇಡ. ಇವಾನ್ ಪಾವ್‌ಲೋವ್ ರಷ್ಯಾದ ಶರೀರಕ್ರಿಯಾ ವಿಜ್ಞಾನಿ, 1904ರ ನೊಬೆಲ್ ಬಂದಿದ್ದು ಜೀರ್ಣಕ್ರಿಯೆ ಕೆಲಸಕ್ಕೆ, ಕಂಡೀಷನಿಂಗ್‌ಗಲ್ಲ. ಇದು ವಸ್ತುನಿಷ್ಠ ಪ್ರಶ್ನೇಲಿ ತಪ್ಪಾಗೋ ಜಾಗ.

ಪ್ರಯೋಗ ಹೀಗೆ: ಒಬ್ಬರನ್ನ ಕೂರಿಸಿ, ಕಣ್ಣಿನ ಹತ್ರ ಸಣ್ಣ ನಳಿಗೆ ಇಟ್ಟು, ಒಂದು ಪೀಂ ಶಬ್ದ ಕೊಟ್ಟು, ಅರ್ಧ ಸೆಕೆಂಡ್ ಬಿಟ್ಟು ನಳಿಗೆಯಿಂದ ಅಳತೆಯಾಗಿ ಒಂದು ಉಫ್ ಗಾಳಿ ಬಿಡೋದು. ಮೊದಮೊದಲು ಗಾಳಿಗೆ ಮಾತ್ರ ರೆಪ್ಪೆ ಬಡಿಯತ್ತೆ. ಹತ್ತಾರು ಸಲ ಆದ್ಮೇಲೆ ಪೀಂ ಅಂದ್ರೆ ಸಾಕು, ಗಾಳಿ ಬರೋ ಮುಂಚೆನೇ ರೆಪ್ಪೆ ಮುಚ್ಚತ್ತೆ.

ಈಗ ಎರಡೇ ಪ್ರಶ್ನೆ ಕೇಳ್ಕೊಳ್ಳಿ. ಒಂದು, ಇದು ಹೊರಗಿಂದ ಬಂದಿದ್ದಾ, ಮೈ ಮಾಡಿದ್ದಾ? ಹೊರಗಿಂದ ಬಂದಿದ್ರೆ ಸ್ಟಿಮ್ಯುಲಸ್, ಪ್ರಚೋದನೆ, ಕೊನೇ ಅಕ್ಷರ ಎಸ್. ಮೈ ಮಾಡಿದ್ರೆ ರೆಸ್ಪಾನ್ಸ್, ಪ್ರತಿಕ್ರಿಯೆ, ಕೊನೇ ಅಕ್ಷರ ಆರ್. ಎರಡು, ಕಲಿಸದೇ ಇದ್ರೂ ಆಗ್ತಿತ್ತಾ? ಆಗ್ತಿತ್ತು ಅಂದ್ರೆ ಅನ್‌ಕಂಡೀಷನ್ಡ್, ಇಲ್ಲ ಅಂದ್ರೆ ಕಂಡೀಷನ್ಡ್. ಗಾಳಿ: ಹೊರಗಿಂದ, ಕಲಿಸದೇ ಇದ್ರೂ ಕೆಲಸ ಮಾಡತ್ತೆ, ಯುಸಿಎಸ್. ಗಾಳಿಗೆ ಬಡಿದ ರೆಪ್ಪೆ ಯುಸಿಆರ್. ಪೀಂ ಶಬ್ದ ಸಿಎಸ್. ಪೀಂ ಶಬ್ದಕ್ಕೆ ಮುಚ್ಚಿದ ರೆಪ್ಪೆ ಸಿಆರ್. ಪಾವ್‌ಲೋವ್ ಬಳಸಿದ ರಷ್ಯನ್ ಪದದ ಅರ್ಥ ಷರತ್ತಿಗೆ ಒಳಪಟ್ಟಿದ್ದು, ಷರತ್ತಿಲ್ಲದ್ದು ಅಂತ. ಗಾಳಿಗೆ ರೆಪ್ಪೆ ಬಡಿಯೋಕೆ ಯಾವ ಷರತ್ತೂ ಇಲ್ಲ, ಶಬ್ದಕ್ಕೆ ಬಡೀಬೇಕು ಅಂದ್ರೆ ಷರತ್ತಿದೆ, ಮುಂಚೆ ಗಾಳಿ ಜೊತೆ ಜೋಡಿಯಾಗಿರಬೇಕು. ಹೀಗೆ ಅರ್ಥ ಮಾಡ್ಕೊಂಡ್ರೆ ಅದಲುಬದಲಾಗೋ ಛಾನ್ಸೇ ಇಲ್ಲ.

ತಪ್ಪಾಗೋ ಜಾಗ: ಎರಡೂ ರೆಪ್ಪೆ ಬಡಿತನೇ ಅಲ್ವಾ, ಯುಸಿಆರ್ ಸಿಆರ್ ಒಂದೇ ಅಂತ ಬರೆಯೋದು. ಒಂದೇ ಸ್ನಾಯು, ಒಂದೇ 7ನೇ ನರ, ನಿಜ. ಆದ್ರೆ ಯುಸಿಆರ್ ಗಾಳಿ ತಾಗಿದ್ಮೇಲೆ ಪಟ್ಟಂತ ಬರತ್ತೆ. ಸಿಆರ್ ಗಾಳಿಗಿಂತ ಮುಂಚೆ ನಿಧಾನವಾಗಿ ಶುರುವಾಗಿ, ಗಾಳಿ ಬರೋ ಕ್ಷಣಕ್ಕೆ ಸರಿಯಾಗಿ ರೆಪ್ಪೆ ಮುಚ್ಚಿರೋ ಹಾಗೆ ಲೆಕ್ಕ ಹಾಕಿ ಬರತ್ತೆ. ಶಬ್ದಕ್ಕೂ ಗಾಳಿಗೂ ನಡುವಿನ ಅಂತರ ಬದಲಾಯಿಸಿ ತರಬೇತಿ ಕೊಟ್ರೆ ರೆಪ್ಪೆ ಮುಚ್ಚೋ ಹೊತ್ತೂ ಬದಲಾಗತ್ತೆ. ನನಗಂತೂ ಈ ವಿಷಯ ಪ್ರತಿ ಸಲ ಓದಿದಾಗ್ಲೂ ಮೈ ಜುಂ ಅನ್ನತ್ತೆ, ನಮಗೇ ಗೊತ್ತಿಲ್ಲದ ಹಾಗೆ ಒಳಗೊಂದು ಗಡಿಯಾರ ಸೆಕೆಂಡಿನ ಚೂರುಗಳನ್ನ ಎಣಿಸ್ತಿದೆ.

ಆ ಗಡಿಯಾರ ಎಲ್ಲಿದೆ ಅಂತ ಹುಡುಕೋಕೆ ಮೊಲ ಬೇಕಾಯ್ತು. ಮೊಲ ಸುಮ್ನೆ ಕೂರತ್ತೆ, ತಾನಾಗೇ ರೆಪ್ಪೆ ಬಡಿಯೋದು ತೀರಾ ಕಮ್ಮಿ, ಮತ್ತೆ ಅದಕ್ಕೆ ಮೂರನೇ ರೆಪ್ಪೆ ಇದೆ, ನಿಕ್ಟಿಟೇಟಿಂಗ್ ಮೆಂಬ್ರೇನ್, ನೀವು ಕನ್ನಡೀಲಿ ನೋಡಿದ ಆ ಅರ್ಧಚಂದ್ರದ ಮಡಿಕೆ ಅಲ್ಲಿ ಪೂರ್ತಿ ಪರದೆಯಾಗಿದೆ. 1962ರಲ್ಲಿ ಗೋರ್ಮೆಜಾನೋ ಮತ್ತೆ ಸಂಗಡಿಗರು ಮೊಲದ ಈ ಪರದೆ ಮೇಲೆ ಕಂಡೀಷನಿಂಗ್ ತೋರಿಸಿದ್ರು. 1984ರಲ್ಲಿ ಮೆಕ್‌ಕಾರ್ಮಿಕ್ ಮತ್ತೆ ರಿಚರ್ಡ್ ಥಾಂಪ್ಸನ್ ಸೆರಿಬೆಲ್ಲಮ್, ಅಂದ್ರೆ ಹಿಂಮಿದುಳಿನಲ್ಲಿ ಇಂಟರ್‌ಪೋಸಿಟಸ್ ಅನ್ನೋ ಪುಟ್ಟ ಜಾಗ ಹಾಳಾದ್ರೆ ಸಿಆರ್ ಹೋಗ್ಬಿಡತ್ತೆ, ಯುಸಿಆರ್ ಹಾಗೇ ಇರತ್ತೆ ಅಂತ ತೋರಿಸಿದ್ರು. ಅಂದ್ರೆ ರೆಪ್ಪೆ ಬಡಿಯೋ ಶಕ್ತಿ ಇದೆ, ಕಲಿತಿದ್ದು ಮಾತ್ರ ಅಳಿಸಿಹೋಗಿದೆ. ಮರೆವಿನ ಕಾಯಿಲೆ ಇರೋ ರೋಗಿಗಳ ಮೇಲೆ ವೈಸ್‌ಕ್ರಾಂಟ್ಸ್ ಮತ್ತೆ ವಾರಿಂಗ್‌ಟನ್ 1979ರಲ್ಲಿ ಮಾಡಿದ ಕೆಲಸದಲ್ಲಿ ಇದರ ಇನ್ನೊಂದು ಮುಖ ಕಂಡಿತ್ತು: ಪ್ರಯೋಗ ನಡೆದಿದ್ದನ್ನೇ ಸರಿಯಾಗಿ ಹೇಳೋಕಾಗದೋರ ರೆಪ್ಪೆಗೂ ಕಲಿತಿದ್ದು ನೆನಪಿತ್ತು.

ಹಂತ 7: ಉಳಿದ ಪದಗಳು, ಮತ್ತೆ ಮನೇಲಿ ಒಂದು ಸಣ್ಣ ಪ್ರಯೋಗ

ಶಬ್ದ ಶುರುವಾಗಿ ಗಾಳಿ ಬರೋವರೆಗೂ ಮುಂದುವರಿದ್ರೆ ಡಿಲೇ ಕಂಡೀಷನಿಂಗ್. ಶಬ್ದ ನಿಂತು, ಖಾಲಿ ಬಿಟ್ಟು, ಆಮೇಲೆ ಗಾಳಿ ಬಂದ್ರೆ ಟ್ರೇಸ್, ಇದಕ್ಕೆ ನೆನಪಿಗೆ ಬೇಕಾದ ಮಿದುಳಿನ ಭಾಗ ಹಿಪ್ಪೋಕ್ಯಾಂಪಸ್ ಸಹಾಯನೂ ಬೇಕು. ಡಿಲೇ ಅಂದ ತಕ್ಷಣ ಮಧ್ಯೆ ಗ್ಯಾಪ್ ಇದೆ ಅಂದ್ಕೊಳ್ತಾರೆ, ಇಲ್ಲ, ಗ್ಯಾಪ್ ಇರೋದು ಟ್ರೇಸ್‌ನಲ್ಲಿ. ಗಾಳಿ ಮೊದಲು, ಶಬ್ದ ಆಮೇಲೆ ಕೊಟ್ರೆ ಬ್ಯಾಕ್‌ವರ್ಡ್, ಕಲಿಕೆ ತೀರಾ ಕಳಪೆ. ಬರೀ ಶಬ್ದ ಕೊಡ್ತಾ ಗಾಳಿ ನಿಲ್ಲಿಸಿದ್ರೆ ಸಿಆರ್ ನಿಧಾನಕ್ಕೆ ಕಮ್ಮಿಯಾಗತ್ತೆ, ಎಕ್ಸ್‌ಟಿಂಕ್ಷನ್. ಆದ್ರೆ ಅಳಿಸಿಹೋಗಲ್ಲ, ಒಂದಷ್ಟು ಹೊತ್ತು ಬಿಟ್ಟು ಶಬ್ದ ಕೊಟ್ರೆ ಮತ್ತೆ ಎದ್ದು ಬರತ್ತೆ, ಸ್ಪಾಂಟೇನಿಯಸ್ ರಿಕವರಿ. ಅದೇ ಥರದ ಬೇರೆ ಶಬ್ದಕ್ಕೂ ಬಡಿದ್ರೆ ಜನರಲೈಸೇಷನ್, ಇದೊಂದಕ್ಕೇ ಬಡಿದ್ರೆ ಡಿಸ್‌ಕ್ರಿಮಿನೇಷನ್.

ಹ್ಯಾಬಿಚುಯೇಷನ್ ಬೇರೆ, ಎಕ್ಸ್‌ಟಿಂಕ್ಷನ್ ಬೇರೆ ಅನ್ನೋದು ಮರೀಬೇಡಿ. ಹುಟ್ಟಿಂದ ಬಂದ ಪ್ರತಿಕ್ರಿಯೆ ಪದೇ ಪದೇ ಕೊಟ್ಟು ಕಮ್ಮಿಯಾದ್ರೆ ಮೊದಲನೇದು, ಕಲಿತಿದ್ದು ಜೋಡಿ ತಪ್ಪಿ ಕಮ್ಮಿಯಾದ್ರೆ ಎರಡನೇದು.

ಮನೇಲಿ ಮಾಡೋಕೆ: ಫ್ರೆಂಡ್ ಎದುರು ಕೂತು, ಒಂದು ಕೈಲಿ ಪೆನ್ ಕ್ಲಿಕ್ ಮಾಡಿ, ಅರ್ಧ ಸೆಕೆಂಡಿಗೆ ಇನ್ನೊಂದು ಕೈಲಿ ಮೇಜನ್ನ ಜೋರಾಗಿ ಬಡೀರಿ. ಬಡಿತಕ್ಕೆ ಬೆಚ್ಚಿ ರೆಪ್ಪೆ ಬಡಿಯತ್ತೆ. ಇಪ್ಪತ್ತು ಮೂವತ್ತು ಸಲ ಮಾಡಿ, ನಡುನಡುವೆ ಬರೀ ಕ್ಲಿಕ್ ಕೊಟ್ಟು ಏನಾಗತ್ತೆ ಬರ್ಕೊಳ್ಳಿ. ಕೆಲವರಲ್ಲಿ ಚೆನ್ನಾಗಿ ಬರತ್ತೆ, ಕೆಲವರಲ್ಲಿ ಮೇಜಿನ ಸದ್ದಿಗೇ ಒಗ್ಗಿಹೋಗಿ ಏನೂ ಬರಲ್ಲ, ಆಗ ನೀವು ನೋಡ್ತಿರೋದು ಹ್ಯಾಬಿಚುಯೇಷನ್, ಹಾಗಂತಾನೇ ಬರೀರಿ. ಫ್ರೆಂಡಿಗೆ ಏನಾಗ್ಬೇಕು ಅಂತ ಮುಂಚೆ ಹೇಳಿದ್ರೆ ಬೇಕಂತ ಬಡೀತಾರೆ, ಪ್ರಯೋಗ ಕೆಟ್ಟಂತೆ. ಗಾಳಿ ಪ್ರಯೋಗ ಮಾತ್ರ ಮನೇಲಿ ಬೇಡ. ಸ್ಟ್ರಾನಲ್ಲಿ ಊದೋದು, ಕಂಪ್ಯೂಟರ್ ಕ್ಲೀನ್ ಮಾಡೋ ಗಾಳಿ ಡಬ್ಬಿ, ಯಾವುದೂ ಕಣ್ಣಿನ ಹತ್ರ ತರಬೇಡಿ. ಚಿಕ್ಕ ಮಕ್ಕಳ ಮೇಲೂ ಬೇಡ.

ಹಂತ 8: ಆಪರೆಂಟ್ ಕಂಡೀಷನಿಂಗ್, ಮತ್ತೆ ಆ ನೆಗೆಟಿವ್ ಪದ

ಥಾರ್ನ್‌ಡೈಕ್ ಅನ್ನೋ ಅಮೆರಿಕದ ಮನೋವಿಜ್ಞಾನಿ 1898ರಲ್ಲಿ ಬೆಕ್ಕುಗಳನ್ನ ಪಂಜರದಲ್ಲಿಟ್ಟು ಶುರು ಮಾಡಿದ್ದನ್ನ ಅಲ್ಲಿಯವರೇ ಆದ ಸ್ಕಿನ್ನರ್ 1938ರ ಹೊತ್ತಿಗೆ ಪೂರ್ತಿ ವ್ಯವಸ್ಥೆಯಾಗಿ ಬೆಳೆಸಿದ್ರು. ಕ್ಲಾಸಿಕಲ್‌ನಲ್ಲಿ ಮುಂಚೆ ಏನು ಬಂತು ಅನ್ನೋದು ಮುಖ್ಯ, ಇಲ್ಲಿ ನಾವು ಮಾಡಿದ್ಮೇಲೆ ಏನಾಯ್ತು ಅನ್ನೋದು ಮುಖ್ಯ.

ಮತ್ತೆ ಎರಡು ಪ್ರಶ್ನೆ. ಮೊದಲು, ಆ ವರ್ತನೆ ಮುಂದೆ ಜಾಸ್ತಿಯಾಯ್ತಾ, ಕಮ್ಮಿಯಾಯ್ತಾ? ಜಾಸ್ತಿಯಾದ್ರೆ ರೀಇನ್‌ಫೋರ್ಸ್‌ಮೆಂಟ್, ಪುನರ್ಬಲನ. ಕಮ್ಮಿಯಾದ್ರೆ ಪನಿಶ್‌ಮೆಂಟ್, ಶಿಕ್ಷೆ. ಆಮೇಲೆ, ಏನಾದ್ರೂ ಸೇರ್ತಾ, ಏನಾದ್ರೂ ಹೋಯ್ತಾ? ಸೇರಿದ್ರೆ ಪಾಸಿಟಿವ್, ಹೋದ್ರೆ ನೆಗೆಟಿವ್. ಪ್ಲಸ್ ಮೈನಸ್ ಅಷ್ಟೇ, ಒಳ್ಳೇದು ಕೆಟ್ಟದ್ದು ಅಂತ ಅರ್ಥ ಅಲ್ಲವೇ ಅಲ್ಲ.

ಕಣ್ಣು ತುರಿಸ್ತು, ಉಜ್ಜಿದ್ರಿ, ತುರಿಕೆ ಹೋಯ್ತು, ಇನ್ನಷ್ಟು ಉಜ್ಜೋದು ಅಭ್ಯಾಸ ಆಯ್ತು: ತುರಿಕೆ ಹೋಗಿದೆ, ವರ್ತನೆ ಹೆಚ್ಚಿದೆ, ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್. ಈ ಅಭ್ಯಾಸಕ್ಕೂ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚೂಪಾಗೋ ಕೆರಟೋಕೋನಸ್‌ಗೂ ನಂಟಿದೆ, ಹಾಗಾಗಿ ಇದು ಬರೀ ಪರೀಕ್ಷೆ ಉದಾಹರಣೆ ಅಲ್ಲ. ಹಸಿಮೆಣಸಿನಕಾಯಿ ಹೆಚ್ಚಿದ ಕೈಲಿ ಕಣ್ಣುಜ್ಜಿ ಉರಿ ಹತ್ತಿ, ಮುಂದೆ ಅಡುಗೆ ಮನೇಲಿ ಕಣ್ಣಿಗೆ ಕೈ ಹಾಕೋದು ಬಿಟ್ರೆ ಪಾಸಿಟಿವ್ ಪನಿಶ್‌ಮೆಂಟ್. ಸೋಮಾರಿ ಕಣ್ಣು ಅಂದ್ರೆ ಆಂಬ್ಲಿಯೋಪಿಯಾ ಇರೋ ಮಗು ಒಳ್ಳೆ ಕಣ್ಣಿಗೆ ಹಾಕಿದ ಪ್ಯಾಚನ್ನ ಒಂದು ಗಂಟೆ ಇಟ್ಕೊಂಡಿದ್ದಕ್ಕೆ ಸ್ಟಿಕ್ಕರ್ ಕೊಟ್ಟು, ಮಾರನೇ ದಿನ ಎರಡು ಗಂಟೆ ಇಟ್ಕೊಂಡ್ರೆ ಪಾಸಿಟಿವ್ ರೀಇನ್‌ಫೋರ್ಸ್‌ಮೆಂಟ್. ಪ್ಯಾಚ್ ಕಿತ್ತಿದ್ದಕ್ಕೆ ಕಾರ್ಟೂನ್ ಆಫ್ ಮಾಡಿ, ಕೀಳೋದು ಕಮ್ಮಿಯಾದ್ರೆ ನೆಗೆಟಿವ್ ಪನಿಶ್‌ಮೆಂಟ್.

ಹಂತ 9: ಎಲ್ಲಾ ಸೇರಿಸಿ ಒಂದು ಕೇಸ್

ಉರಿಯೋ ಡ್ರಾಪ್ಸ್ ಹಾಕಿಸ್ಕೊಂಡ ನಾಲ್ಕು ವರ್ಷದ ಮಗು. ಮೂರನೇ ದಿನ ಬಾಟಲಿ ಕಂಡ ತಕ್ಷಣ ಕಣ್ಣು ಬಿಗಿಯಾಗಿ ಮುಚ್ಚಿ ಕಿರುಚತ್ತೆ. ಪುಸ್ತಕ ಮುಚ್ಚಿ ನೀವೇ ಬರೀರಿ, ಆಮೇಲೆ ಕೆಳಗೆ ನೋಡಿ.

ಉರಿ ಯುಸಿಎಸ್, ಉರಿಗೆ ಕಣ್ಣು ಮುಚ್ಚೋದು ಯುಸಿಆರ್, ಬಾಟಲಿ ಸಿಎಸ್, ಬಾಟಲಿ ನೋಡಿ ಹೆದರಿ ಕಣ್ಣು ಬಿಗಿಯೋದು ಸಿಆರ್. ಮುಚ್ಚಿದ ಸ್ನಾಯು ಆರ್ಬಿಕ್ಯುಲಾರಿಸ್, ನರ 7. ಬೇರೆ ಬಿಳಿ ಬಾಟಲಿಗೂ ಅತ್ರೆ ಜನರಲೈಸೇಷನ್. ಇಲ್ಲಿಗೇ ನಿಲ್ಲಿಸ್ಬೇಡಿ. ಮಗು ಕಿರುಚ್ತು, ಅಮ್ಮ "ಹೋಗ್ಲಿ ಬಿಡು ಕಂದಾ, ಆಮೇಲೆ ಹಾಕೋಣ" ಅಂತ ಬಾಟಲಿ ಒಳಗಿಟ್ರು. ಬಾಟಲಿ ಹೋಯ್ತು, ಮುಂದಿನ ಸಲ ಕಿರುಚೋದು ಜಾಸ್ತಿಯಾಯ್ತು, ಮಗುವಿಗೆ ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್. ಕಿರುಚೋದು ನಿಲ್ತು, ಬಾಟಲಿ ಒಳಗಿಡೋದು ಅಮ್ಮನಿಗೂ ಅಭ್ಯಾಸ ಆಯ್ತು, ಅವರಿಗೂ ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್. ಇಬ್ಬರದ್ದೂ ತಪ್ಪಿಲ್ಲ, ಔಷಧಿ ಮಾತ್ರ ಕಣ್ಣಿಗೆ ಬೀಳ್ತಿಲ್ಲ.

ಆ ಅಮ್ಮನಿಗೆ ನೀವು ಹೇಳ್ಬೇಕಾದ್ದು ಇದು: ಮಗುನ ಅಂಗಾತ ಮಲಗಿಸಿ, ಕಣ್ಣು ಮುಚ್ಕೊಂಡೇ ಇರಲಿ ಅನ್ನಿ. ಮೂಗಿನ ಕಡೆ ಮೂಲೇಲಿ, ಮುಚ್ಚಿದ ರೆಪ್ಪೆ ಮೇಲೇ ಒಂದು ಹನಿ ಬಿಡಿ, ಬಾಟಲಿ ತುದಿ ಚರ್ಮಕ್ಕೆ ತಾಗಬಾರದು. ಆಮೇಲೆ ಮೆಲ್ಲಗೆ ಕಣ್ಣು ಬಿಡೋಕೆ ಹೇಳಿದ್ರೆ ಹನಿ ತಾನಾಗೇ ಒಳಗೆ ಜಾರತ್ತೆ. ಮುಗಿದ ತಕ್ಷಣ ಮಗುವಿಗೆ ಇಷ್ಟವಾದ್ದು ಏನಾದ್ರೂ ಕೊಡಿ, ಹನಿ ಬೀಳೋ ಮುಂಚೆ ಲಂಚದ ಹಾಗೆ ಬೇಡ. ಡ್ರಾಪ್ಸ್ ಇಲ್ಲದ ಹೊತ್ತಲ್ಲೂ ಮುಚ್ಚಳ ಭದ್ರ ಮಾಡಿದ ಬಾಟಲಿಯನ್ನ ಮಗು ಎದುರು ಇಟ್ಟು ಕಥೆ ಹೇಳಿ, ಬಾಟಲಿ ಬಂದ್ರೂ ಉರಿ ಬರಲ್ಲ ಅನ್ನೋದು ಅಷ್ಟಷ್ಟೇ ಕಲೀಲಿ. ಎರಡು ದಿನ ಸುಮ್ನಿದ್ದ ಮಗು ಮೂರನೇ ದಿನ ಮತ್ತೆ ಅತ್ರೆ ಕೈಬಿಡಬೇಡಿ ಅಂತ ಮುಂಚೆನೇ ಹೇಳಿಡಿ, ಅದು ಸ್ಪಾಂಟೇನಿಯಸ್ ರಿಕವರಿ, ಬಂದೇ ಬರತ್ತೆ, ಅವತ್ತೂ ಹನಿ ಹಾಕೋದು ತಪ್ಪಿಸಬಾರದು.